ಅಡುಗೆಮನೆಯ ಕಿಟಕಿ

ಮಾನ್ಯ ಇಂಜಿನಿಯರ್ ಅವರಿಗೆ,

ಎರಡನೆಯ ಕಟ್ಟಡದ ನಕ್ಷೆಯಲ್ಲಿ ಒಂದೇ ಬದಲಾವಣೆ ಕೇಳುತ್ತಿದ್ದೇನೆ: ನೆಲಮಹಡಿಯ ಅಡುಗೆಮನೆಗಳ ಕಿಟಕಿ ಬೀದಿಯ ಕಡೆಗಿರಲಿ. ಪೈಪಿನ ಖರ್ಚು ಉಳಿದು ಬಾಡಿಗೆ ಇಳಿಯಲೆಂದು ಮೊದಲ ಕಟ್ಟಡದಲ್ಲಿ ಅಡುಗೆಮನೆಗಳನ್ನು ಹಿತ್ತಿಲ ಕಾಂಪೌಂಡ್ ಗೋಡೆಯ ಕಡೆಗೆ ಇಟ್ಟವಳು ನಾನೇ.

ಅಮ್ಮನಿಗೂ ಅಲ್ಲೇ ಮನೆ ಸಿಕ್ಕಿತು. ಹಳೇ ಓಣಿಯಲ್ಲಿ ತರಕಾರಿಯವಳು ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಇವತ್ತೇನು ಅಡುಗೆ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಹೊಸ ಮನೆ ನೋಡಿದ ಅಮ್ಮ, "ಚೆನ್ನಾಗಿದೆ ಕಣೇ, ಮಾತಾಡೋಕೆ ಗೋಡೆ ಕೊಟ್ಟಿದ್ದೀಯಲ್ಲ" ಎಂದು ನಕ್ಕಿದ್ದಳು.

ಒಂದು ದಿನ ಒಲೆಯ ಮುಂದೆ ಕುಸಿದ ಅಮ್ಮ ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ತರಕಾರಿಯವಳು ಎರಡೂ ದಿನ ಕಟ್ಟಡದ ಮುಂದಿನ ಬೀದಿಯಲ್ಲಿ ಕೂಗಿ ಹೋಗಿದ್ದಳಂತೆ.

ಉಳಿದದ್ದರಲ್ಲಿ ಏನು ಬೇಕಾದರೂ ಕಡಿತ ಮಾಡಿ. ಕಿಟಕಿಯ ಎತ್ತರವನ್ನು ಮಾತ್ರ, ತರಕಾರಿಯವಳನ್ನೇ ನಿಲ್ಲಿಸಿ, ಅವಳ ಕಣ್ಣಿನ ಮಟ್ಟಕ್ಕೆ ಅಳೆದಿದ್ದೇನೆ. ಒಂದಿಂಚೂ ಏರಿಸಬೇಡಿ.

ಇಂತು,
ಮೊದಲ ಕಟ್ಟಡದ ನಕ್ಷೆ ಬರೆದವಳು