ಮಾರಿಸ್ ಕಾರಿನ ಮುರಿಯದ ಬೋಲ್ಟು

ಹೊಳೆನರಸೀಪುರ
೯-೩-೧೯೬೧

ಗಂಗಾಂಬಿಕೆಗೆ ನಿನ್ನ ಅವ್ವ ನಂಜಮ್ಮ ಬರೆಯುವುದು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮಲ್ಲಿಪಟ್ಟಣದಲ್ಲಿ ನೀನೂ ನಿನ್ನ ಮನೆಯವರೂ ಮಗುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ಬರೆಯುವುದು ತಡವಾಯಿತು. ನಿಮ್ಮಪ್ಪ ತೀರಿಕೊಂಡ ತಿಂಗಳು ನಿನ್ನ ಕಾರ್ಡು ಬಂದಿತ್ತು. ಅದಕ್ಕೆ ಒಂದು ವರ್ಷದ ಮೇಲಾಯಿತು. ಅದಕ್ಕೂ ಹಿಂದೆ ಎಂಟು ವರ್ಷ ನೀನು ಬರೆದ ಕಾಗದಗಳಿವೆ. ಎಲ್ಲಕ್ಕೂ ಸೇರಿ ಇದೊಂದು ಉತ್ತರ ಎಂದು ತಿಳಿದುಕೋ. ತಡವಾದದ್ದಕ್ಕೆ ಕಾರಣ ಬರೆಯಬೇಕೆಂದು ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದರು. ಕಾರಣ ನಿನಗೆ ಗೊತ್ತಿದೆ, ಬರೆಯುವುದಿಲ್ಲ.

‘ಒಂದು ಸಲ ಮನೆಗೆ ಬರಲೇ ಅವ್ವಾ’ ಎಂದು ಕಾರ್ಡಿನಲ್ಲಿ ಕೇಳಿದ್ದೀಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕಾರಿನ ವಿಷಯ ಬರೆಯಬೇಕು. ಅದನ್ನು ಯಾರಿಗೆ ಹೇಳಿದರೂ ನನಗೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ನೀನು ಮನೆ ಬಿಟ್ಟ ದಿನ ನಾನು ಚನ್ನರಾಯಪಟ್ಟಣದಲ್ಲಿ ಅಕ್ಕ ಕಾಮಾಕ್ಷಮ್ಮನ ಮನೆಯಲ್ಲಿದ್ದೆ. ಸಂಜೆ ಬಸ್ಸಿಳಿದು ಬಂದರೆ ನಿಮ್ಮಪ್ಪ ಜಗಲಿಯ ಮೇಲೆ ಕೂತಿದ್ದರು. “ಗಂಗೂ ಓಗ್ಬುಟ್ಲು ಕಣೆ, ಆ ಕಾಂಪೌಂಡರ್ ತಮ್ಮಯ್ಯನ ಜೊತೆ. ಬಸ್ಸತ್ತಿದ್ಲಂತೆ,” ಎಂದರು. “ಕಾರು ಎತ್ಕೊಂಡು ಹಿಂದೇನೇ ಯಾಕೆ ಹೋಗ್ಲಿಲ್ಲ?” ಎಂದೆ. “ಓಗಾನಾ ಅಂದ್ರೆ ಬೋಲ್ಟು ಮುರ್ದೋಗದೆ. ಇಲ್ಲಿ ಸಿಕ್ಕಾದಲ್ಲ ಅದು, ಇಂಗ್ಲೆಂಡಿಂದ ಬರ್ಬೇಕು,” ಎಂದರು.

ಅಂದಿನಿಂದ ಮಾರಿಸ್ ಕಾರು ಗಾಡಿ ಕೊಟ್ಟಿಗೆ ಸೇರಿತು. ಅದರ ಮೇಲೆ ಕೋಳಿ ಮಲಗಿತು. ನಾನು ವರ್ಷಕ್ಕೊಮ್ಮೆ “ಆ ಬೋಲ್ಟು ಬಂತಾ?” ಎಂದು ಕೇಳುತ್ತಿದ್ದೆ. “ಬರೆದಿವ್ನಿ, ಬತ್ತದೆ,” ಎನ್ನುತ್ತಿದ್ದರು. ಊರಿನವರು ನಿನ್ನನ್ನು ದೂರಿದರು, ತಮ್ಮಯ್ಯನನ್ನು ದೂರಿದರು, ಅವನ ಜಾತಿ ಎತ್ತಿ ಆಡಿದರು, ನಮ್ಮ ಮನೆಯ ನೀರು ಕುಡಿಯಬೇಕೋ ಬೇಡವೋ ಎಂದು ಕೂತು ಮಾತಾಡಿದರು. ನಾನು ಒಳಗೊಳಗೇ ದೂರಿದ್ದು ಆ ಬೋಲ್ಟನ್ನು. ಅದೊಂದು ಸರಿಯಾಗಿದ್ದಿದ್ದರೆ ಕತ್ತಲಾಗುವುದರೊಳಗೆ ನೀನು ಮನೆಯಲ್ಲಿರುತ್ತಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ.

ನಿಮ್ಮಪ್ಪನ ವರ್ಷದ ತಿಥಿ ಮುಗಿದ ಮೇಲೆ ನಿನ್ನ ತಮ್ಮ ಪುಟ್ಟಸ್ವಾಮಿಯನ್ನು ಕರೆದು, ಕಾರು ರಿಪೇರಿ ಮಾಡಿಸು ಎಂದೆ. “ಆ ತಗಡು ಯಾಕವ್ವಾ ಈಗ? ಗುಜರಿಗೆ ಆಕಾನ,” ಎಂದ. “ಆ ಮುರಿದ ಬೋಲ್ಟನ್ನ ನಾನು ಕಣ್ಣಾರೆ ನೋಡ್ಬೇಕು. ಆಮೇಲೆ ನಿನ್ನಿಷ್ಟ,” ಎಂದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಸೌಟು ಹಿಡಿದು ಒಳಗೆ ಹೋದಳು.

ಹಾಸನದಿಂದ ಚಲುವಯ್ಯ ಎಂಬ ಮೆಕ್ಯಾನಿಕ್ಕು ಬಂದ. ಬಾಯಲ್ಲಿ ಎಲೆ ಅಡಿಕೆ, ಮಾತು ಜಾಸ್ತಿ. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತಟ್ಟೆಯೊಂದಿದೆ. ಅದನ್ನು ಬಿಚ್ಚಲು ಹೋದರೆ ತುಕ್ಕು ಹಿಡಿದ ಸಣ್ಣ ಬೋಲ್ಟುಗಳು ಒಂದೊಂದಾಗಿ ಪಟ್ ಪಟ್ ಎಂದು ಮುರಿದವು. ಅವುಗಳಂಥವನ್ನೇ ಹುಡುಕಿಕೊಂಡು ಹಾಸನದ ಕಬ್ಬಿಣದ ಅಂಗಡಿಗಳಿಗೆ ನಾನೇ ಹೋದೆ. ಪುಟ್ಟಸ್ವಾಮಿಗೆ ಚೌಕಾಸಿ ಬರುವುದಿಲ್ಲ, ಎರಡು ಅಂಗಡಿ ನೋಡಿ ಇಲ್ಲ ಎಂದುಬಿಡುತ್ತಾನೆ. ಕೊಟ್ಟ ಬೋಲ್ಟೆಲ್ಲ ನೋಡಲು ಅದೇ, ಸ್ಪ್ಯಾನರೂ ಸರಿಯಾಗಿ ಕೂರುತ್ತದೆ, ತಿರುಗಿಸಿದರೆ ಎರಡೇ ಸುತ್ತು ಹೋಗಿ ನಿಂತುಬಿಡುತ್ತದೆ.

“ಇದ್ಯಾವ ಮಾಯವೋ?” ಎಂದೆ.

“ಮಾಯ ಅಲ್ಲ ಕಣಮ್ಮಾವ್ರೆ,” ಎಂದ ಚಲುವಯ್ಯ. “ತಲೆ ಇಂಗ್ಲೆಂಡಿಂದು, ಮೈ ಫ್ರಾನ್ಸಿಂದು. ಈ ಎಂಜಿನ್ನು ಮಾಡ್ದೋರು ಅಂಗೇ ಮಾಡವ್ರೆ. ತಲೆ ನೋಡಿ ತಂದ್ರೆ ಮೈ ಒಗ್ಗಾಕಿಲ್ಲ.”

ಇಂಗ್ಲೆಂಡಿನ ಕಾರಿಗೆ ಫ್ರಾನ್ಸಿನ ತಿರುಪು ಯಾಕೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮತ್ತೊಮ್ಮೆ ಹಾಸನಕ್ಕೆ ಹೋಗಿ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತವಳ ಕಿವಿಯ ಓಲೆ ನೋಡಿ ನನಗೊಂದು ಹೊಳೆಯಿತು. ತಿರುಪು ಕೊರೆಯುವವರು ಅಂಗಡಿಯವರೊಬ್ಬರೇ ಅಲ್ಲವಲ್ಲ! ಅರಕಲಗೂಡಿನ ಅಕ್ಕಸಾಲಿ ಗುಂಡಾಚಾರಿಗೆ ಹೇಳಿಕಳಿಸಿದೆ. ನಿನ್ನ ಓಲೆ ಮಾಡಿದವನೇ. ಒಂದು ಬೋಲ್ಟು ಕೈಗೆ ಕೊಟ್ಟರೆ ಮೂಸಿ ನೋಡಿದ. “ಇಷ್ಟು ದಪ್ಪನ ಕಿವಿ ನಾ ಕಂಡಿಲ್ಲ ತಾಯಿ,” ಎಂದ. ಆದರೂ ಹಿತ್ತಾಳೆಯಲ್ಲಿ ಒಂದು ಹಿಡಿ ಮಾಡಿ ತಂದ.

ಹಾಕಿ ನೋಡಿದರೆ ಒಂದು ಕೂತಿತು, ಇನ್ನೊಂದು ಕೂರಲಿಲ್ಲ. ಮತ್ತೊಂದು ಕೂತಿತು, ಅದರ ಪಕ್ಕದ್ದು ಕೂರಲಿಲ್ಲ. ಚಲುವಯ್ಯ ಕಾರಿನ ಕೆಳಗಿನಿಂದಲೇ ಕೂಗಿದ, “ಆಚಾರ್ರೇ, ಅರ್ಧಕ್ಕರ್ಧ ಉಲ್ಟಾ ತಿರುಗ್ತಾವಲ್ರೀ!”

“ಉಲ್ಟಾನೇ ಮತ್ತೆ. ಅರ್ಧ ಬಲಗಿವಿಗೆ, ಅರ್ಧ ಎಡಗಿವಿಗೆ. ಜೊತೆ ಅಲ್ವೇನಪ್ಪಾ?”

“ಕಾರಿಗೆಲ್ಲೈತ್ರೀ ಕಿವಿ!”

“ನೀನೇಳ್ಬೇಕಾಗಿತ್ತು ಕಣಯ್ಯಾ!”

ಎಡಗಿವಿಯ ತಿರುಪು ತಾನಾಗಿ ಬಿಚ್ಚದಿರಲೆಂದು ಅದನ್ನು ಉಲ್ಟಾ ಕೊರೆಯುವುದು ಆಚಾರಿಯ ಮನೆತನದ ರೂಢಿ. ನಿನಗೆ ಅದು ನೆನಪಿರಬೇಕು. ಎಡದ್ದನ್ನು ಬಲಕ್ಕೆ ಹಾಕಲು ಹೋಗಿ, ಹತ್ತುವುದಿಲ್ಲ ಎಂದು ಅಳುತ್ತಾ ನನ್ನ ಹತ್ತಿರ ಎಷ್ಟು ಸಲ ಬಂದಿದ್ದೀಯ, ಎಷ್ಟು ಸಲ ಬೈಸಿಕೊಂಡಿದ್ದೀಯ. ಅಂತೂ ಆಚಾರಿ ಉಳಿದರ್ಧವನ್ನು ಮತ್ತೆ ಮಾಡಿಕೊಟ್ಟ, ತಟ್ಟೆ ಕೂತಿತು.

ಎಲ್ಲ ಮುಗಿದ ಮೇಲೆ ನಾನು ಚಲುವಯ್ಯನನ್ನು ಕೇಳಿದೆ, “ಒಂಬತ್ತು ವರ್ಷದ ಹಿಂದೆ ಮುರಿದಿದ್ದ ಬೋಲ್ಟು ಯಾವುದು? ಅದನ್ನು ತೋರಿಸು.”

ಅವನು ಮುರಿದ ಚೂರುಗಳನ್ನೆಲ್ಲ ಗೋಣಿಯ ಮೇಲೆ ಹರಡಿದ. “ಹಳೇ ಮುರುಕಾಗಿದ್ರೆ ಮುರ್ದಿರೋ ಜಾಗದಾಗೂ ತುಕ್ಕು ಇರ್ತದೆ ಅಮ್ಮಾವ್ರೆ. ನೋಡಿ, ಎಲ್ಲಾವೂ ಒಳಗೆ ಫಳಫಳ ಅಂತವೆ. ಇವೆಲ್ಲ ನನ್ ಕೈಲೇ ಮುರ್ದಿದ್ದು. ಆವತ್ತು ಯಾವ್ದೂ ಮುರ್ದಿರ್ಲಿಲ್ಲ. ನಿಂತೂ ನಿಂತೂ ಕೆಟ್ಟದೆ, ಅಷ್ಟೆಯ.”

ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಅವನು ಹೇಳಿದ್ದು ನಿಜ. ಈಗ ನನಗೆ ಏನೂ ತಿಳಿಯದಾಗಿದೆ. ಮುರಿದಿದ್ದನ್ನು ಆಮೇಲೆ ನಿಮ್ಮಪ್ಪನೇ ಸರಿಮಾಡಿಸಿದ್ದರೆ ಕಾರು ಓಡಿಸಬಹುದಿತ್ತಲ್ಲ? ಮುರಿಯದ್ದನ್ನೇ ಮುರಿದಿದೆ ಎಂದು ತಪ್ಪು ತಿಳಿದಿದ್ದರೇ? ಅವರು ಸುಳ್ಳು ಹೇಳುವವರಲ್ಲ. ಹೇಳಿದರೂ ಕಿವಿ ಕೆಂಪಗಾಗಿ ಸಿಕ್ಕಿಬೀಳುತ್ತಿದ್ದರು. ಆದರೆ ಆ ಸಂಜೆ ಇನ್ನೂ ದೀಪ ಹಚ್ಚಿರಲಿಲ್ಲ. ನಾನು ಅವರ ಕಿವಿ ನೋಡಲಿಲ್ಲ.

ಕಾರು ಈಗ ಓಡುತ್ತದೆ. ಪುಟ್ಟಸ್ವಾಮಿ ಚನ್ನರಾಯಪಟ್ಟಣದವರೆಗೆ ಹೋಗಿಬಂದು, ಗುಜರಿಯ ಮಾತೆತ್ತುವುದನ್ನು ಬಿಟ್ಟಿದ್ದಾನೆ. ನಿನ್ನ ಮಗುವಿಗೆ ನೆಗಡಿ ಜಾಸ್ತಿ ಎಂದು ನೀನು ಬರೆದಿದ್ದೆ, ಅಪ್ಪ ಕಾಂಪೌಂಡರಾದರೂ ನೆತ್ತಿಗೆ ಹರಳೆಣ್ಣೆ ಒತ್ತುವುದನ್ನು ಬಿಡಬೇಡ. ನೀನು ಬರುವ ವಿಷಯವನ್ನು ಪುಟ್ಟಸ್ವಾಮಿಯನ್ನು ವಿಚಾರಿಸಿ ತಿಳಿಸುತ್ತೇನೆ. ನರಸಿಂಹಸ್ವಾಮಿ ನಿಮ್ಮ ಮೂವರಿಗೂ ಆಯುಷ್ಯ ಆರೋಗ್ಯ ಕೊಟ್ಟು ಕಾಪಾಡಲಿ.

ನಿನ್ನ ಅವ್ವ,
ನಂಜಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದಿದ್ದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಎಂಜಿನ್ನಿನ ಪಕ್ಕ ಕರೆಂಟು ಹಂಚುವ ಕಪ್ಪು ಡಬ್ಬಿಯೊಂದಿದೆ. ಚಲುವಯ್ಯ ಅದನ್ನು ಬಿಚ್ಚಿ, “ಇದ್ಯಾವ್ದೋ ಹಿತ್ತಾಳೆ ಸ್ಕ್ರೂ, ಕಾರಿಂದಲ್ಲ. ನೂಲು ಸುತ್ತಿ ಬಿಗಿದವ್ರೆ,” ಎಂದ. ಆಚಾರಿ ಬಗ್ಗಿ ಬೆರಳಿನಿಂದ ಉಜ್ಜಿದ. “ಹಿತ್ತಾಳೆ ಅಲ್ಲ ಕಣಪ್ಪಾ,” ಎಂದವನು ನನ್ನ ಕಡೆ ನೋಡದೆ, “ತಾಯಿ, ಇದು ನಮ್ಮ ಗಂಗವ್ವಾರ ಓಲೇದು. ಬಲಗಿವೀದು,” ಎಂದ. ನೂಲು ಹಸಿರು. ನೀನು ಹೋದ ದಿನದಿಂದ ಮನೆಯಲ್ಲಿ ಕಾಣದಾದ ಸೀರೆಯ ಸೆರಗಿನದು, ಅದನ್ನೇ ಉಟ್ಟು ಹೋಗಿದ್ದೀಯ. “ಓಯ್ತಾ ಓಯ್ತಾ ಸ್ಕ್ರೂ ಉದುರಿ ಗಾಡಿ ನಿಂತಿರ್ತದೆ. ಇದನ್ನ ಹಾಕದಿದ್ರೆ ಮುಂದಕ್ಕೆ ಓಗ್ತಿರ್ಲಿಲ್ಲ,” ಎಂದ ಚಲುವಯ್ಯ.

ಹಾಗಾದರೆ ನೀನು ಬಸ್ಸು ಹತ್ತಲಿಲ್ಲ. ಅವರೇ ನಿನ್ನನ್ನು ಕಾರಿನಲ್ಲಿ ಬಿಟ್ಟುಬಂದರು. ಬಂದು ಜಗಲಿಯ ಮೇಲೆ ಕೂತರು. ಆಮೇಲೆ ಯಾವ ಮೆಕ್ಯಾನಿಕ್ಕಿಗೂ ಆ ಕಾರು ಮುಟ್ಟಲು ಬಿಡಲಿಲ್ಲ. ಅರಕಲಗೂಡಿಗೆ ಎತ್ತು ನೋಡಲು ಹೋಗುತ್ತೇನೆಂದು ಹೋಗಿ ಎತ್ತಿಲ್ಲದೆ ಬರುತ್ತಿದ್ದರು. ವ್ಯಾಪಾರ ತಿಳಿಯದವರು ಎಂದು ನಾನು ಬೈಯುತ್ತಿದ್ದೆ. ಮಲ್ಲಿಪಟ್ಟಣ ಅಲ್ಲಿಗೆ ಹತ್ತಿರವೇ. ಅಲ್ಲಿಂದ ನಿನ್ನ ಮನೆಗೆ ಬರುತ್ತಿದ್ದರೇ? ನನ್ನ ಪಕ್ಕದಲ್ಲೇ ಉಂಡರು, ಮಲಗಿದರು, ಸತ್ತರು. ಹೇಳಲಿಲ್ಲ. ನೀನು ಹೋದದ್ದನ್ನು ನಾನು ಹೇಗೋ ನುಂಗಿಕೊಂಡೆ. ಇದು ಗಂಟಲಲ್ಲೇ ನಿಂತಿದೆ.

ಪುಟ್ಟಸ್ವಾಮಿಯನ್ನು ವಿಚಾರಿಸುವುದೇನೂ ಇಲ್ಲ. ತಿರುಪನ್ನು ಡಬ್ಬಿಯಿಂದ ತೆಗೆಸಿಲ್ಲ. ಓಲೆ ತೆಗೆದುಕೊಂಡು, ನಿನ್ನ ಮನೆಯವರನ್ನೂ ಮಗುವನ್ನೂ ಕರೆದುಕೊಂಡು ಬಾ. ನೀನೇ ಬಿಚ್ಚಿಕೋ. ಒಂದು ಕಿವಿ ಬೋಳಾಗಿಯೇ ತಾಳಿ ಕಟ್ಟಿಸಿಕೊಂಡೆಯಾ?

ಬರುವ ಮುಂಚೆ ಒಂದು ವಿಷಯ ಮಾತ್ರ ಬರೆದು ತಿಳಿಸು. ನಿನ್ನ ಬುದ್ಧಿ ನನಗೆ ಗೊತ್ತು, ಮೊದಲು ಎಡಗಿವಿಯದನ್ನೇ ಬಿಚ್ಚಿಕೊಟ್ಟಿರುತ್ತೀ. ಅದು ಹತ್ತಿರುವುದಿಲ್ಲ. ದಾರಿಯಲ್ಲಿ ನಿಂತು ಅಪ್ಪ ಮಗಳು ಇಬ್ಬರೂ ನಕ್ಕಿರುತ್ತೀರಿ. ಆಗ ನನ್ನ ಹೆಸರು ಬಂತೇ? ಬಂದಿದ್ದರೆ ಅವರು ಏನೆಂದರು? ಏನೆಂದಿದ್ದರೂ ಸರಿ, ಅಂದದ್ದನ್ನು ಅಂದ ಹಾಗೆಯೇ ಬರೆ.