ಸ್ಕಾರ್ಫಿನ ತುದಿಯ ಗಂಟು

ಮಂಗಳವಾರ, ಜೂನ್ ೧೦
ಕನ್ನಡಕದ ಅಂಗಡಿ, ಊಟದ ಬಿಡುವು

ಸಾಸಿವೆಯ ಅಪ್ಪನಿಗೆ,

ಈ ಒಂದು ಸಾಲಿಗೇ ಹತ್ತು ನಿಮಿಷ ಹಿಡಿಯಿತು. ‘ಪ್ರೀತಿಯ’ ಎಂದು ಬರೆದರೆ ನೀವು ಹುಬ್ಬೇರಿಸುತ್ತೀರಿ, ‘ಮಾನ್ಯರೇ’ ಎಂದರೆ ರಜೆಯ ಅರ್ಜಿಯಂತಾಗುತ್ತದೆ. ಕೊನೆಗೆ ಮಗಳನ್ನೇ ಮುಂದೆ ಬಿಟ್ಟುಕೊಂಡು ಬಂದಿದ್ದೇನೆ. ನೀವು ಬೇರೆ ಮನೆ ಮಾಡಿದ ಈ ಹದಿನಾಲ್ಕು ತಿಂಗಳಲ್ಲಿ ನಾವಿಬ್ಬರೂ ಮಾಡಿರುವುದೂ ಅದನ್ನೇ.

ಗಾಬರಿಯಾಗಬೇಡಿ, ಅವಳು ಚೆನ್ನಾಗಿಯೇ ಇದ್ದಾಳೆ. ಊಟ, ಪಾಠ ಎಲ್ಲ ಸರಿಯಾಗಿದೆ. ಆದರೆ ಎಣ್ಣೆಗೆ ಬಿದ್ದ ಹಾಗೆ ಸಿಡಿಯುತ್ತಾಳೆಂದು ನೀವೇ ಸಾಸಿವೆ ಎಂದು ಕರೆದಿರಲ್ಲ, ಆ ಹುಡುಗಿ ಮೂರು ದಿನದಿಂದ ಸಿಡಿದಿಲ್ಲ.

ನಾನು ಅವಳ ಸ್ಕೌಟ್ ದಳದಲ್ಲಿ ಸ್ವಯಂಸೇವಕಿಯಾಗಿರುವುದು ನಿಮಗೆ ಗೊತ್ತು. ಒಂದು ತಿಂಗಳ ಮಟ್ಟಿಗೆ ಎಂದು ಹೋದವಳು, ಎರಡು ವರ್ಷವಾದರೂ ಅಲ್ಲೇ ಡೇರೆಯ ಗೂಟ ಎಣಿಸುತ್ತಿದ್ದೇನೆ. ಮಕ್ಕಳು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಡೈರಿಯಲ್ಲಿ ಬರೆಯಬೇಕು. ಬೆಳಿಗ್ಗೆ ಕತ್ತಿನ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಶನಿವಾರ ನಾವು ಹಿರಿಯರು ಡೈರಿ ಓದಿ ಸಹಿ ಹಾಕುತ್ತೇವೆ. ಹದಿನಾಲ್ಕು ಡೈರಿಗಳಲ್ಲಿ ಹನ್ನೆರಡರಲ್ಲಿ ಗಿಡಕ್ಕೆ ನೀರು ಹಾಕಿರುತ್ತಾರೆ. ನಮ್ಮ ಬೀದಿಯ ಗಿಡಗಳು ಕೊಳೆಯದೆ ಉಳಿದಿರುವುದೇ ಆಶ್ಚರ್ಯ.

ಸ್ವಂತ ಮಗಳ ಡೈರಿಯನ್ನು ನಾನು ಓದುವುದಿಲ್ಲ. ಅದನ್ನು ನೋಡುವವರು ದೊಡ್ಡಕ್ಕ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ದಳಕ್ಕೆಲ್ಲ ಹಿರಿಯರು. ಹೋದ ಶನಿವಾರ ಅವರಿಗೆ ಜ್ವರ ಬಂದು, ಸಾಸಿವೆಯ ಡೈರಿಯೂ ನನ್ನ ಕೈಗೇ ಬಂತು.

ಅದರಲ್ಲಿದ್ದುದನ್ನು ಇದ್ದ ಹಾಗೆ ಬರೆಯುತ್ತೇನೆ. ‘ಭಾನುವಾರ. ನಿನ್ನ ಮೊಣಕಾಲು ಹೇಗಿದೆ ಅಂತ ಅಪ್ಪ ಕೇಳಿದರು ಎಂದು ಅಮ್ಮನಿಗೆ ಹೇಳಿದೆ. ಅಪ್ಪ ಕೇಳಿರಲಿಲ್ಲ. ಅಮ್ಮ ನಕ್ಕಳು. ಈಗ ಪರವಾಗಿಲ್ಲ ಅಂತ ಹೇಳು ಅಂದಳು. ಅದನ್ನು ಅಪ್ಪನಿಗೆ ಹೇಳುವುದಿಲ್ಲ, ಹೇಳಿದರೆ ಸಿಕ್ಕಿಬೀಳುತ್ತೇನೆ.’

ಇನ್ನೊಂದು ವಾರ ಹೀಗಿದೆ. ‘ಅಪ್ಪ ನಮ್ಮ ಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕಿ ಹೋದ ಮೇಲೆ ಅದು ಒಂದು ದಿನವೂ ಕಿರುಗುಟ್ಟಿಲ್ಲ ಅಂತ ಅಮ್ಮ ಹೊಗಳಿದಳು ಎಂದು ಅಪ್ಪನಿಗೆ ಹೇಳಿದೆ. ಅಮ್ಮ ಹೊಗಳಿರಲಿಲ್ಲ. ಅಪ್ಪ ಎರಡು ಸಲ ಹೇಳಿಸಿಕೊಂಡರು.’

ಹೀಗೆ ಹನ್ನೊಂದು ಭಾನುವಾರ, ಒಮ್ಮೆ ನನಗೆ, ಒಮ್ಮೆ ನಿಮಗೆ. ನನ್ನ ಸರದಿಯ ದಿನ ನಿಮ್ಮ ಮನೆಯಿಂದ ಬಂದವಳು ನನ್ನೆದುರು ನಿಂತು ಮಾತು ಒಪ್ಪಿಸಿ, ಅಲ್ಲೇ ಸ್ಕಾರ್ಫಿನ ಗಂಟು ಬಿಚ್ಚುತ್ತಿದ್ದಳು. ನಾನು ಅದನ್ನು ನೋಡುತ್ತಲೇ ಇದ್ದೆ, ಹೊಳೆಯಲಿಲ್ಲ. ದಿನವಿಡೀ ಬೇರೆಯವರ ಕಣ್ಣಿಗೆ ಕನ್ನಡಕ ಕೂರಿಸುವವಳು ನಾನು!

ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ. ಬೆಟ್ಟ ಇಳಿಯುವಾಗ ಉಳುಕಿದ ಆ ಮೊಣಕಾಲು ಎರಡೇ ವಾರಕ್ಕೆ ಸರಿಹೋಗಿತ್ತು. ನೀವು ಕೇಳಿದಿರೆಂದು ತಿಳಿದ ಮೇಲೆ ಭಾನುವಾರ ಭಾನುವಾರ ಸ್ವಲ್ಪ ಕುಂಟಿದೆ. ಮನೆಯಲ್ಲಿ ಸುಳ್ಳು ಹೇಳಿದವಳು ಅವಳೊಬ್ಬಳೇ ಅಲ್ಲ.

ದೊಡ್ಡಕ್ಕನ ಮೇಲೆ ಕೆಂಡದಂಥ ಕೋಪ ಬಂತು. ಹನ್ನೊಂದಕ್ಕೂ ಸಹಿ ಹಾಕಿದ್ದರು! ಜ್ವರವೆಂದೂ ನೋಡದೆ ಫೋನು ಮಾಡಿ ಜಗಳಕ್ಕೆ ನಿಂತೆ. ಅವರು ಪೂರಾ ಕೇಳಿಸಿಕೊಂಡು, ಸುಳ್ಳು ಅಂತ ನಂಗೂ ಗೊತ್ತಿತ್ತು ಕಣಮ್ಮ, ಆದ್ರೆ ಆ ಮಗು ಡೈರೀಲಿ ಒಂದಕ್ಷರಾನೂ ಸುಳ್ಳು ಬರ್ದಿಲ್ಲ, ನಾನು ಸಹಿ ಹಾಕಿದ್ದು ಅದಕ್ಕೆ ಅಂದರು. ನನಗೇಕೆ ಹೇಳಲಿಲ್ಲ ಎಂದರೆ, ಮಕ್ಳು ನಂಬಿ ಕೊಟ್ಟಿದ್ದನ್ನ ಚಾಡಿ ಹೇಳೋದಾ, ನಿಂಗೆ ಗಂಡ ಏನಂದ ಅಂತ ಬೇಕಿದ್ರೆ ಗಂಡನ್ನೇ ಕೇಳ್ಬೇಕಿತ್ತು ಅಂದರು. ಫೋನು ಇಟ್ಟೆ.

ಈಗ ನಾನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಈ ಶನಿವಾರ ಅವಳನ್ನು ಆರು ಮಕ್ಕಳ ತಂಡಕ್ಕೆ ನಾಯಕಿ ಮಾಡುವುದಿದೆ. ವರ್ಷದಿಂದ ಅವಳು ಕಾಯುತ್ತಿದ್ದುದು ಇದಕ್ಕೇ. ಡೈರಿಯ ಕೊನೆಯ ಪುಟದಲ್ಲಿ ದೊಡ್ಡಕ್ಕನಿಗೆಂದು ಬರೆದಿದ್ದಾಳೆ: ‘ನಾನು ನಾಯಕಿ ಆಗುವುದಿಲ್ಲ. ನಾಯಕಿಯನ್ನು ಎಲ್ಲರೂ ನಂಬಬೇಕು. ನಾನು ಸುಳ್ಳು ಹೇಳುತ್ತೇನೆ. ನಿಲ್ಲಿಸಿದರೆ ಅಪ್ಪ ಅಮ್ಮನ ನಡುವೆ ಒಂದು ಮಾತೂ ಇರುವುದಿಲ್ಲ.’

ಓದಿ ದಳದ ಸಭಾಂಗಣದ ಹಿಂದಿನ ಸಾಮಾನಿನ ಕೋಣೆಗೆ ಹೋಗಿ ಹಗ್ಗದ ರಾಶಿಯ ಮೇಲೆ ಕೂತು ಅತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಮದುವೆಯಲ್ಲಿ ಎಲ್ಲರೂ ಹೇಳಿದ್ದರು. ಅದು ನಮ್ಮ ಪಾಲಿಗೆ ಸುಳ್ಳಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ನಿಜವಾಯಿತು. ನಾವು ಜಗಳವನ್ನಾದರೂ ನೆಟ್ಟಗೆ ಆಡಿದೆವೇ? ಮೊದಲು ಅವರು ಮಾತಾಡಲಿ ಎಂದು ನಾನು, ಅವಳು ಮಾತಾಡಲಿ ಎಂದು ನೀವು. ಮೌನ ಬಂಗಾರವಂತೆ. ಹಾಗಿದ್ದರೆ ನಮ್ಮಷ್ಟು ಶ್ರೀಮಂತರು ಈ ಊರಲ್ಲಿಲ್ಲ.

ಡೈರಿ ನನ್ನ ಕೈಗೆ ಬಂದದ್ದು ಅವಳಿಗೆ ಗೊತ್ತು. ಮೊನ್ನೆ ಭಾನುವಾರ ನಿಮ್ಮಲ್ಲಿಂದ ಬಂದವಳು ಎಂದಿನಂತೆ ನನ್ನೆದುರು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಕೈಕಾಲು ತೊಳೆದು ಬರ್ತೀನಮ್ಮ ಎಂದು ಒಳಗೆ ಹೋದಳು. ಗಂಟು ಹಾಗೆಯೇ ಇತ್ತು. ಇವತ್ತು ಬೆಳಿಗ್ಗೆಯೂ ಅದೇ ಗಂಟು ನೇತಾಡುತ್ತಿತ್ತು. ಅವಳು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ವಿದ್ಯೆಯನ್ನು ಅವಳು ಬೇರೆಲ್ಲೂ ಕಲಿತದ್ದಲ್ಲ.

ದಳದ ನಡಿಗೆಯಲ್ಲಿ ನಮ್ಮದೊಂದು ನಿಯಮವಿದೆ, ಅವರವರ ಚೀಲ ಅವರವರೇ ಹೊರಬೇಕು. ಮಕ್ಕಳಿಗೆ ಇದನ್ನು ಗಂಟಲು ಹರಿಯುವಂತೆ ಹೇಳುವವಳು ನಾನು. ನಮ್ಮಿಬ್ಬರ ಚೀಲವನ್ನೂ ಹನ್ನೊಂದು ವರ್ಷದ ಹುಡುಗಿ ಹೊತ್ತಿದ್ದಾಳೆ. ಅದಕ್ಕೇ ಈ ಪತ್ರವನ್ನು ಅವಳ ಕೈಲಿ ಕೊಡದೆ ಅಂಚೆಗೆ ಹಾಕುತ್ತಿದ್ದೇನೆ.

ಶನಿವಾರ ನಾಲ್ಕು ಗಂಟೆಗೆ ಗ್ರಂಥಾಲಯದ ಹಿಂದಿನ ಮೈದಾನಕ್ಕೆ ಬನ್ನಿ. ಅವತ್ತು ರಿಪೇರಿಗೆ ಕರೆ ಬಂದರೂ ಹೋಗಬೇಡಿ, ಯಾವ ಕಟ್ಟಡದ ಲಿಫ್ಟ್ ಕೆಟ್ಟರೂ ಜನ ಮೆಟ್ಟಿಲು ಹತ್ತಲಿ. ಅವಳನ್ನು ಏನೂ ವಿಚಾರಿಸಬೇಡಿ, ಬುದ್ಧಿಯನ್ನಂತೂ ಹೇಳಲೇಬೇಡಿ. ನೇರ ನನ್ನ ಹತ್ತಿರ ಬಂದು, ಅವಳಿಗೆ ಕೇಳಿಸುವಂತೆ, ಮೊಣಕಾಲು ಹೇಗಿದೆ ಎಂದು ನನ್ನನ್ನೇ ಕೇಳಿ. ನಾನು ಕುಂಟುವುದಿಲ್ಲ, ಉತ್ತರ ಕೊಡುತ್ತೇನೆ. ನಮ್ಮಿಬ್ಬರ ಮಾತಿಗೆ ಅವಳು ಬೇಕಾಗಿಲ್ಲ ಎಂದು ಗೊತ್ತಾದರೆ ಅವಳು ನಾಯಕಿಯಾಗುತ್ತಾಳೆ. ಮನೆಗೆ ಕರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಮೈದಾನಕ್ಕೆ ಮಾತ್ರ ಕರೆಯುತ್ತಿದ್ದೇನೆ.

ಡೈರಿ ಇನ್ನೂ ನನ್ನ ಚೀಲದಲ್ಲಿದೆ, ಸಹಿ ಹಾಕಿಲ್ಲ. ಶನಿವಾರ ಅವಳೆದುರಿಗೇ ಹಾಕುತ್ತೇನೆ. ಪಕ್ಕದಲ್ಲಿ ನಿಮ್ಮದೊಂದು ಸಹಿಗೆ ಜಾಗವಿದೆ.

ಇಂತು,
ಸಾಸಿವೆಯ ಅಮ್ಮ

ತಾ.ಕ.: ಡೈರಿಯ ಒಂದು ಭಾನುವಾರವನ್ನು ಮೇಲೆ ಬರೆಯದೆ ಬಿಟ್ಟಿದ್ದೆ. ‘ಅಪ್ಪ ಶಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತುವುದು ಕೇಳಿಸದೆ ಮನೆ ಬಿಕೋ ಅನ್ನುತ್ತದೆ ಅಂತ ಅಮ್ಮ ಹೇಳಿದಳು ಎಂದು ಅಪ್ಪನಿಗೆ ಹೇಳಿದೆ. ಅಮ್ಮ ಹೇಳಿರಲಿಲ್ಲ.’ ನಾನು ಹೇಳಿರಲಿಲ್ಲ, ನಿಜ. ಆದರೆ ಅದೊಂದು ಮಾತ್ರ ಸುಳ್ಳಲ್ಲ.