ಅಪ್ಪ ಬದುಕಿರುವ ಹುಡುಗಿಯ ಅರ್ಜಿ

ಅಕ್ಕೋರೆ,

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಒಬ್ಬರು ನನ್ನ ಬಾಗಿಲಲ್ಲಿ ನಿಂತು, "ಸರ್, ನಾನು ಸತ್ತದ್ದು ಯಾವಾಗ?" ಎಂದು ಕೇಳಿದರು. ಖಾಕಿ ಅಂಗಿ, ಹೆಗಲ ಮೇಲೆ ಟವೆಲ್. ಶಿರಾಲಿಯ ತಿಮ್ಮಪ್ಪ, ಭಟ್ಕಳ–ಹೊನ್ನಾವರ ಟೆಂಪೋ ಓಡಿಸುವವರು. ಅವರ ಹಿಂದೆ ತಲೆ ತಗ್ಗಿಸಿಕೊಂಡು ಮಗಳು ನಾಗಶ್ರೀ. ಪಿಯುಸಿ ಎರಡನೇ ವರ್ಷ. ಕಾಲೇಜಿನ ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬರುತ್ತಿದ್ದವಳು. ನನಗೆ ಕೂಡಲೇ ಅರ್ಥವಾಯಿತು. ಅರ್ಥವಾಗದವನ ಮುಖ ಮಾಡಿದೆ. ಆ ಮುಖ ನಿಮಗೆ ಗೊತ್ತು.

ಊರಿನ ಮಕ್ಕಳಿಗೆ ನೀವು ಅರ್ಜಿ ಬರೆದುಕೊಡುತ್ತಿದ್ದ ಕುಮಟೆಯ ನಿಮ್ಮ ಜಗುಲಿಯ ಮೇಲೆ ನಾನು ಮೊದಲು ಕೂತಾಗ ನನಗೆ ಹದಿನೇಳು. ಧಾರವಾಡದ ಹಾಸ್ಟೆಲಿಗೆ ಅರ್ಜಿ ಹಾಕಬೇಕಿತ್ತು. ನಿಮ್ಮನ್ನು ಯಾಕೆ ಸೇರಿಸಿಕೊಳ್ಳಬೇಕು, ಒಂದು ಪುಟ ಬರೆಯಿರಿ ಎಂದಿತ್ತು. ನಾನು ಬರೆದು ತಂದದ್ದನ್ನು ನೀವು ಓದಲಿಲ್ಲ. ಮಡಚಿ ತಂಬಿಗೆಯ ಅಡಿಗಿಟ್ಟಿರಿ. "ಅದು ಅಲ್ಲೇ ಇರ್ಲಿ. ಬಾಯಲ್ಲಿ ಹೇಳು ತಮಾ. ಪೇಟೆಲಿ ನಿಂತ್ಕಂಡು ಹೇಳೂಕೆ ಆಗದ ಮಾತು ಕಾಗದದಲ್ಲೂ ಬೇಡ." ಪೆನ್ಸಿಲ್ ನಿಮ್ಮ ಮಡಿಲಲ್ಲಿತ್ತು. ಎದುರು ಕೂತವರು ಅರ್ಧ ಗಂಟೆ ಮಾತಾಡುವ ತನಕ ಅದು ಏಳುತ್ತಿರಲಿಲ್ಲ. ನಾನು ಏನೇನೋ ಹೇಳಿದೆ. ಕೊನೆಗೆ, ಅಪ್ಪನ ಚಪ್ಪಲಿ ನನ್ನ ಕಾಲಿಗೆ ಸರಿಹೋಗುವ ಹೊತ್ತಿಗೆ ಅಪ್ಪ ಇರಲಿಲ್ಲ, ಎಂದೆ. ಪೆನ್ಸಿಲ್ ಎದ್ದಿತು. ಹಾಸ್ಟೆಲ್ ಸಿಕ್ಕಿತು. ಆ ಒಂದು ಸಾಲಿಗೇ ಸಿಕ್ಕಿತು ಎಂದು ನಾವಿಬ್ಬರೂ ನಂಬಿದೆವು, ಅಲ್ಲವೇ?

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನೀವು ನನ್ನ ಕೈ ಹಿಡಿದು, "ಮಕ್ಕಳು ಬಂದ್ರೆ ವಾಪಸ್ ಕಳಿಸ್ಬೇಡ" ಎಂದಿರಿ. ಹೂಂ ಎಂದೆ. ಹೊನ್ನಾವರದ ನನ್ನ ಮನೆಯ ಮುಂದಿನ ಕೋಣೆಗೆ ನಿಮ್ಮ ಜಗುಲಿಯ ಬೆಂಚು ಬಂತು. ಆ ಹೂಂ ಎಂಬುದಕ್ಕೆ ಹೊರಬಾಗಿಲಿಲ್ಲ ಎಂದು ಆಗ ತಿಳಿಯಲಿಲ್ಲ. ವಾರವಿಡೀ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಭಾನುವಾರ ಬೆಂಚಿನ ತುಂಬ ಅದೇ ವಯಸ್ಸಿನವರು. ಓದು ಮುಗಿಸಿದವರು ಕೆಲಸದ ಅರ್ಜಿ ಹಿಡಿದುಕೊಂಡು ಮತ್ತೆ ಬರುತ್ತಾರೆ. ನನಗೆ ಐವತ್ತಾಯಿತು. ಬೆಂಚಿಗೆ ಮಾತ್ರ ವಯಸ್ಸಾಗುವುದಿಲ್ಲ.

ನಿಮ್ಮ ಕಾಲದ ಅರ್ಜಿಗಳು ಯಾಕೆ ಸೇರಿಸಿಕೊಳ್ಳಬೇಕು ಎಂದಷ್ಟೇ ಕೇಳುತ್ತಿದ್ದವು. ಈಗಿನವು, ನೀನು ಎದುರಿಸಿದ ಕಷ್ಟ ಯಾವುದು, ಅದರಿಂದ ಏನು ಕಲಿತೆ, ಎನ್ನುತ್ತವೆ. ಇಂಗ್ಲಿಷಿನಲ್ಲಿ, ಐನೂರು ಪದ. "ಮನೆ ಕಷ್ಟ ಊರಿಗೆಲ್ಲ ಹೇಳೂದಾ ಸರ್?" ಎಂದು ಸಂತೆಗುಳಿಯ ಹುಡುಗಿಯೊಬ್ಬಳು ಕೇಳಿದಳು. ಕಷ್ಟ ಹೇಳಿಕೊಂಡರೆ ಮರ್ಯಾದೆ ಹೋಯಿತು, ತನ್ನನ್ನು ತಾನೇ ಹೊಗಳಿಕೊಂಡರೆ ಸೊಕ್ಕು. ಇನ್ನು ಉಳಿದದ್ದು ಶಾಲೆಯಲ್ಲಿ ಕಲಿತ ರಜಾ ಚೀಟಿಯ ಧಾಟಿ. ಜಾಲಿಯ ಹುಡುಗನೊಬ್ಬ, ಗುರುಹಿರಿಯರ ಆಶೀರ್ವಾದದಿಂದ ತಾನು ಚೆನ್ನಾಗಿ ಓದುತ್ತಿರುವುದಾಗಿ ತಿಳಿಸಿ, ಮೂರು ವರ್ಷ ತಮ್ಮ ಕಾಲೇಜಿನಲ್ಲಿ ಇರಲು ದಯಮಾಡಿ ಅನುಮತಿ ನೀಡಬೇಕು ಎಂದು ಮುಗಿಸಿದ್ದ. ನೀವಾಗಿದ್ದರೆ ನಗುತ್ತಿದ್ದಿರಿ. ನಕ್ಕು, ಅವನನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದಿರಿ. ನಾನು ಒಂದು ಮಾದರಿ ಮಾಡಿಟ್ಟುಕೊಂಡೆ.

ಮಾದರಿ ಎಂದರೆ ನನ್ನದೇ ಹಾಸ್ಟೆಲ್ ಅರ್ಜಿ, ಇಂಗ್ಲಿಷಿನಲ್ಲಿ. ಮೊದಮೊದಲು ತೋರಿಸುವುದಕ್ಕೆ ಮಾತ್ರ. ಆಮೇಲೆ ಅದರ ಮೇಲೆಯೇ ಅವರವರ ಊರು, ಹೆಸರು, ಕಷ್ಟ ತಿದ್ದಿ ಕೊಡುವುದಕ್ಕೆ. ಹೀಗೆ ನೋಡಿದರೆ ಇಷ್ಟು ವರ್ಷ ಅರ್ಜಿ ಹಾಕುತ್ತಿರುವವನು ನಾನೇ. ಯಾವ ಯಾವುದೋ ಊರಿನ ಕಾಲೇಜುಗಳಿಗೆ, ಯಾರ ಯಾರದೋ ಹೆಸರಿನಲ್ಲಿ, ಹದಿನೇಳು ದಾಟದವನಾಗಿ. ಎಲ್ಲಿಯೂ ಸೇರದೆ.

ನಾಗಶ್ರೀಯ ಅರ್ಜಿ ಬರೆದ ದಿನ ಬೆಂಚಿನ ಮೇಲೆ ಏಳು ಮಂದಿ ಇದ್ದರು. ಕಳಿಸಲು ಮರುದಿನವೇ ಕೊನೆ. ಅವಳು ಏನೋ ಹೇಳಲು ಹೊರಟಿದ್ದಳು, ಟೆಂಪೋ, ಸ್ಟಾಪು, ಒಂದು ನೋಟ್‌ಬುಕ್ಕು... ನಾನು ಕೈಯೆತ್ತಿ ತಡೆದೆ. ಹೆಸರು ತಿದ್ದಿದೆ, ಊರು ತಿದ್ದಿದೆ. ಅಪ್ಪನನ್ನು ತಿದ್ದಲು ಮರೆತೆ.

"ಕಾಲೇಜಿಂದ ಫೋನ್ ಬಂತು ಸರ್," ಎಂದರು ತಿಮ್ಮಪ್ಪ, ಬೆಂಚಿನ ತುದಿಯಲ್ಲಿ ಕೂತು. "ಒಬ್ರು ಮೇಡಮ್ಮು. ಕನ್ನಡದಲ್ಲೇ ಮಾತಾಡಿದ್ರು. ನೀವು ಅವಳಿಗೆ ಏನಾಗ್ಬೇಕು ಅಂದ್ರು. ಅಪ್ಪ ಅಂದೆ. ಮತ್ತೆ, ಅಪ್ಪ ತೀರಿಕೊಂಡಿದ್ದಾರೆ ಅಂತ ಬರೆದಿದೆಯಲ್ಲ ಅಂದ್ರು."

"ನೀವೆಂತ ಹೇಳಿದ್ರಿ?"

"ಎಂತ ಹೇಳೂದು? ಬ್ರೇಕ್ ಹಾಕೂಕೆ ಜಾಗ ಇಲ್ಲ. ದೊಡ್ಡಪ್ಪ ಅಂದೆ. ಅವಳ ಅಪ್ಪನ ಅಣ್ಣ, ನಮ್ಮ ಬದಿಲಿ ಅಪ್ಪ ಅಂತನೇ ಕರೆಯೂದು ಅಂದೆ. ನನಗೆ ಅಣ್ಣನೇ ಇಲ್ಲ ಸರ್! ನಾನೇ ನನ್ನ ಅಣ್ಣ ಆಗಿಬಿಟ್ಟೆ."

ನಾನು ನಾಗಶ್ರೀಯ ಕಡೆ ತಿರುಗಿದೆ. "ಕಳಿಸುವ ಮೊದಲು ನೀನು ಓದಲಿಲ್ವಾ?"

"ಓದಿದ್ದೆ ಸರ್."

"ಮತ್ತೆ?"

"ನೀವು ಬರೆದದ್ದಲ್ವಾ. ಇಂಗ್ಲಿಷ್ ಅರ್ಜಿಗೆ ಹಾಗೇ ಹಾಕೂದೇನೋ ಅಂತ... ನಿಮ್ಮ ಹತ್ರ ಕೇಳೂದು ಹೇಗೆ?"

"ಮೊನ್ನೆ ನನಗೆ ಓದಿ ಹೇಳಿದ್ಲು," ಎಂದರು ತಿಮ್ಮಪ್ಪ. "ಅಪ್ಪನ ಚಪ್ಪಲಿ ಇವಳ ಕಾಲಿಗೆ ಸರಿಯಾಯ್ತಂತೆ. ನನ್ನದು ಒಂಬತ್ತು ನಂಬರು, ಇವಳದ್ದು ಐದು. ಸುಳ್ಳು ಬರೆಯೂಕಾದ್ರೂ ಅಳತೆ ನೋಡ್ಬೇಕಲ್ಲ ಸರ್?"

ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ನಿಮಗೆ ಹೇಳದ ಮಾತೊಂದಿದೆ ಅಕ್ಕೋರೆ. ನನ್ನ ಅಪ್ಪ ಹಂಚಿನ ಕಾರ್ಖಾನೆಗೆ ಬರಿಗಾಲಲ್ಲೇ ಹೋಗಿ ಬರುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಚಪ್ಪಲಿ ಎಂಬುದೇ ಇರಲಿಲ್ಲ. ನಿಮ್ಮ ಪೆನ್ಸಿಲ್ ಏಳಲಿ ಎಂದು ಹೇಳಿದ್ದು. ಅವರು ಸತ್ತದ್ದಷ್ಟೇ ನಿಜ. ನಿಮಗೆ ಗೊತ್ತಾಗಿತ್ತೇ? ಗೊತ್ತಾಗಿಯೂ...

ತಿಮ್ಮಪ್ಪನವರ ಸಿಟ್ಟು ಚಹಾದ ಜೊತೆ ಇಳಿಯಿತು. ಶುಕ್ರವಾರ ಸಂದರ್ಶನವಿತ್ತು, ನನ್ನ ಕಂಪ್ಯೂಟರಿನ ಮುಂದೆ ಕೂತು ಮಾತಾಡಬೇಕಿತ್ತು. ಅದು ಗೆದ್ದರೆ ಶುಲ್ಕವಿಲ್ಲದ ಸೀಟು. ಅಂಥ ದುಬಾರಿ ಕಾಲೇಜಿಗೆ ಅವರ ಮನೆಯಿಂದ ಬೇರೆ ದಾರಿ ಇರಲಿಲ್ಲ. ಅವರು ಲೋಟ ಕೆಳಗಿಟ್ಟು ಹೇಳಿದರು: "ನೋಡಿ, ಸೀಟು ಸಿಗೂದಾದ್ರೆ ನಾ ಸತ್ತೇ ಇರ್ತೆ ಬಿಡಿ. ಫೋನ್ ಬಂದ್ರೆ ದೊಡ್ಡಪ್ಪ, ಹಾಸ್ಟೆಲಿಗೆ ಬಿಡೂಕೆ ಹೋದ್ರೂ ದೊಡ್ಡಪ್ಪ. ಮೂರು ವರ್ಷ ಎಂತ ದೊಡ್ಡದು?"

ನಾನು ಬೇಡ ಎನ್ನಲಿಲ್ಲ. ಒಪ್ಪಿದ್ದೆ ಎಂದೇ ತಿಳಿಯಿರಿ. ಆಗ ನಾಗಶ್ರೀ, ಯಾರನ್ನೂ ನೋಡದೆ, "ಅಮ್ಮ ನನ್ನ ನೋಡೂಕೆ ಬಂದ್ರೆ? ತಾಳಿ ತೆಗೆದಿಟ್ಟು, ಕುಂಕುಮ ಒರೆಸ್ಕಂಡು ಬರ್ಬೇಕಾ?" ಎಂದಳು. ತಿಮ್ಮಪ್ಪನವರು ಟವೆಲನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡರು.

ಮರುದಿನ ಕಾಲೇಜಿಗೆ ನನ್ನ ಹೆಸರಿನಲ್ಲೇ ಪತ್ರ ಬರೆದೆ. ಆರು ಸಾಲಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಅರ್ಜಿ ಅವಳದಲ್ಲ, ನಾನು ಬರೆದದ್ದು. ತಂದೆ ಬದುಕಿದ್ದಾರೆ. ಅವರು ದೊಡ್ಡಪ್ಪನಾದದ್ದು ನನ್ನ ಸುಳ್ಳನ್ನು ಉಳಿಸುವುದಕ್ಕೆ. ನಾಗಶ್ರೀಗೆ ತೋರಿಸಿದೆ. 'ಕಣ್ತಪ್ಪಿನಿಂದ' ಎಂದು ನಾನು ಸೇರಿಸಿದ್ದ ಪದದ ಮೇಲೆ ಬೆರಳಿಟ್ಟು, "ಇದು ಬೇಡ ಸರ್. ಕಣ್ಣು ತಪ್ಪಿದ್ದಲ್ವಲ್ಲ," ಎಂದಳು. ತೆಗೆದೆ. "ಇದನ್ನು ಕಳಿಸಿದರೆ ಸೀಟು ಹೋಗಬಹುದು," ಎಂದೆ. "ಗೊತ್ತು," ಎಂದಳು. ಕಳಿಸಿದೆವು.

ಆದರೂ ಶುಕ್ರವಾರ ಸಂದರ್ಶನ ನಡೆಯಿತು. ಅವಳು ಒಳಗೆ, ನಾನೂ ತಿಮ್ಮಪ್ಪನವರೂ ಹೊರಗೆ ಮೆಟ್ಟಿಲ ಮೇಲೆ. ಅವರು ಒಂದು ಟ್ರಿಪ್ಪು ಬಿಟ್ಟು ಬಂದಿದ್ದರು. ಕಿಟಕಿಯಿಂದ ಅವಳ ಇಂಗ್ಲಿಷ್ ಕೇಳುತ್ತಿತ್ತು, ತಡವರಿಸುತ್ತಿತ್ತು, ನಿಲ್ಲುತ್ತಿರಲಿಲ್ಲ. ಹೆದ್ದಾರಿ ಅಗಲವಾದ ಮೇಲೆ ಸ್ಟಾಪುಗಳೆಲ್ಲ ಮುಂದೆ ಹೋದವಂತೆ. ರಸ್ತೆ ದಾಟಲಾಗದ ಮುದುಕಿಯರು ಎಲ್ಲಿ ಇಳಿದು ಎಷ್ಟು ದೂರ ಹಿಂದೆ ನಡೆಯುತ್ತಾರೆ ಎಂದು ಅಪ್ಪನ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಎರಡು ವರ್ಷ ಬರೆದಿಟ್ಟಿದ್ದಳಂತೆ. ರಸ್ತೆಗಳನ್ನು ಯಾರಿಗಾಗಿ ಮಾಡುತ್ತಾರೆ, ಅದನ್ನು ಓದಬೇಕು ಎಂದಳು. ಅವಳ ಅರ್ಜಿಯಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ. ನಾನು ಕೇಳಿರಲೇ ಇಲ್ಲ. "ಎಂತ ಹೇಳ್ತಾ ಉಂಟು?" ಎಂದರು ತಿಮ್ಮಪ್ಪ. ಹೇಳಿದೆ. "ಓ, ಆ ನೋಟ್‌ಬುಕ್ಕಾ? ನಾನು ಅದು ಟಿಕೆಟಿನ ಲೆಕ್ಕ ಅಂದ್ಕಂಡಿದ್ದೆ."

ನಿನ್ನೆ ಉತ್ತರ ಬಂತು. ಈ ವರ್ಷದ ಅರ್ಜಿ ರದ್ದು. ಬರುವ ವರ್ಷ ಹೊಸದಾಗಿ ಹಾಕಬಹುದು, ಅವಳೇ ಬರೆದದ್ದಾಗಿರಬೇಕು. ಓದಿ ಹೇಳಿದೆ. ತಿಮ್ಮಪ್ಪನವರು, "ಆತು. ಅಂತೂ ನಾ ಬದುಕಿದೆ," ಎಂದು ನಕ್ಕರು. ಟವೆಲಿನಿಂದ ಮುಖ ಒರೆಸಿಕೊಂಡದ್ದು ಸೆಕೆಗೋ ಏನೋ. ಈ ವರ್ಷ ಅವಳು ಹೊನ್ನಾವರದಲ್ಲೇ ಡಿಗ್ರಿಗೆ ಸೇರುತ್ತಾಳೆ.

ಮಾದರಿಯನ್ನು ಕಂಪ್ಯೂಟರಿನಿಂದ ಅಳಿಸಿದೆ. ಅದರಿಂದ ಏನಾಯಿತು? ನನಗೆ ಅದು ಬಾಯಿಪಾಠ. ನಾಳೆ ಐದು ಮಂದಿ ಬರುತ್ತಾರೆ. ಯಾರಾದರೂ ಬಾಯಿ ತೆರೆಯುವ ಮೊದಲೇ ಅದು ನನ್ನ ಬಾಯಿಗೆ ಬರುತ್ತದೆ.

ನಿನ್ನೆ ಹೊರಡುವಾಗ ನಾಗಶ್ರೀ ಗೇಟಿನಿಂದ ತಿರುಗಿ ಬಂದು, ಗೌರವದಿಂದಲೇ, "ಬರೂ ವರ್ಷ ನಾ ಬರೆದದ್ದನ್ನ ನಿಮಗೆ ತೋರ್ಸೂದಿಲ್ಲ ಸರ್, ಬೇಜಾರು ಮಾಡ್ಕಬೇಡಿ," ಎಂದಳು. ಆತು ಎಂದೆ. ತೋರಿಸು ಎನ್ನುವುದಿಲ್ಲ, ಅಕ್ಕೋರೆ. ಏನು ಬರೆದೆ ಎಂದೂ ಕೇಳುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಓದಬೇಕೆಂದುಕೊಂಡ ಅರ್ಜಿ ಅದೊಂದೇ.